ಉರಿಯದ ಹೊಳ್ಳೆ

ನಿವಾಳಿಸಿದ ಮೆಣಸಿನಕಾಯಿಯನ್ನು ಒಲೆಗೆ ಹಾಕಿದಾಗ ಘಾಟು ಹತ್ತದಿದ್ದರೆ ದೃಷ್ಟಿ ಇನ್ನೂ ಇದೆ ಎಂದು ಅರ್ಥ. ಹೋಳೂರಿನಲ್ಲಿ ನಾವೆಲ್ಲ ನಂಬಿದ್ದು ಹಾಗೆ. ಸಾವಿರದ ಒಂಬೈನೂರ ಮೂವತ್ತೆಂಟರ ಸುಗ್ಗಿಯಲ್ಲಿ ನನ್ನ ಏಳು ವರ್ಷದ ಮಗಳು ಗಂಗರತ್ನ ಜ್ವರ ಬಿಟ್ಟ ಮೇಲೂ ಸೊರಗಿದ್ದಳು. ಒಲೆಯ ಮುಂದೆ ಕೂರಿಸಿ ದೃಷ್ಟಿ ತೆಗೆದೆವು. ಅವಳ ಎಡಗಣ್ಣಿನಲ್ಲಿ ಮಾತ್ರ ನೀರು ಬಂತು. ಬಲಗಣ್ಣು ಒಣಗಿಯೇ ಇತ್ತು.

“ಅರ್ಧ ಹೋಯ್ತು ಕಣೇ, ಇನ್ನರ್ಧ ಐತೆ. ಶುಕ್ರವಾರ ಇನ್ನೊಂದು ಹಿಡಿ ಹಾಕು,” ಅಂದರು ನಮ್ಮತ್ತೆ ಅಕ್ಕಯಮ್ಮ. ನಾನು ಕೆಮ್ಮಿ ಕೆಮ್ಮಿ ಸುಸ್ತಾದೆ. “ನಿನಗ್ಯಾರೇ ದೃಷ್ಟಿ ಹಾಕ್ತಾರೆ, ಮಸಿ ಮಡಕೆ!” ಎಂದು ಅತ್ತೆ ನಕ್ಕರು.

ಮೂರು ತಿಂಗಳು ಮಂಗಳವಾರ, ಶುಕ್ರವಾರ ಇದೇ ನಡೆಯಿತು. ಕಣದ ಧೂಳು ಬಿದ್ದರೂ ಮಗು ಬಲಗಣ್ಣು ಉಜ್ಜುತ್ತಿರಲಿಲ್ಲ. ಎಷ್ಟು ಸಹನೆ ಇವಳಿಗೆ ಎಂದುಕೊಂಡೆ. ಆ ಕಣ್ಣು ಕೆಂಪಾಗಿ, ಗುಡ್ಡೆಯ ಮೇಲೆ ಬಿಳಿ ಪೊರೆ ಬಂದಾಗ ಗಾಡಿ ಕಟ್ಟಿಸಿಕೊಂಡು ಕೋಲಾರದ ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಮಗುವಿನ ಕಣ್ಣು ಮುಚ್ಚಿಸಿ ಮೂಗಿಗೆ ಮಲ್ಲಿಗೆ ಹಿಡಿದರು. ಎರಡು ಹೊಳ್ಳೆಯಲ್ಲೂ ಮಲ್ಲಿಗೆ ಎಂದು ಸರಿಯಾಗಿ ಹೇಳಿದಳು. ನನಗೆ ಜೀವ ಬಂತು. ಆಮೇಲೆ ಆರು ಸೀಸೆ ಸಾಲಾಗಿ ಇಟ್ಟರು. ಎಲ್ಲದರಲ್ಲೂ ಒಂದೇ ಘಾಟಿನ ಔಷಧಿ; ಮೊದಲನೆಯದರಲ್ಲಿ ನೀರು ಬಹಳ, ಆರನೆಯದರಲ್ಲಿ ಇಲ್ಲವೇ ಇಲ್ಲ. ಎಡಹೊಳ್ಳೆಗೆ ಎರಡನೆಯದು ಹಿಡಿಯುತ್ತಲೇ “ಉರೀತದೆ!” ಎಂದು ಮುಖ ತಿರುಗಿಸಿದಳು. ಬಲಹೊಳ್ಳೆಗೆ ಆರನೆಯದು ಬಂದರೂ ಸುಮ್ಮನೆ ಕೂತಿದ್ದಳು. ಡಾಕ್ಟರಮ್ಮ ಎಡಕ್ಕೆ ಎರಡು ಎಂದು ಬರೆದರು. ಬಲಕ್ಕೆ ಗೀಟು ಎಳೆದರು.

“ವಾಸನೆ ತಿಳಿಯೋ ನರ ಬೇರೆ, ಉರಿ ತಿಳಿಯೋ ನರ ಬೇರೆ ಅಮ್ಮ. ಮೂಗಿನ ಉರಿ, ಕಣ್ಣಿನ ನೋವು, ಎರಡೂ ತಿಳಿಯೋದು ಆ ಇನ್ನೊಂದರಿಂದ. ಬಲಗಡೆ ಅದು ಸತ್ತಿದೆ. ಧೂಳು ಬಿದ್ದದ್ದೇ ಗೊತ್ತಾಗದೆ ಕಣ್ಣು ಹುಣ್ಣಾಗಿದೆ. ಯಾವಾಗಿಂದ ಹೀಗೆ?”

“ಮೂರು ತಿಂಗಳು, ತಾಯಿ.”

“ಆಗಲೇ ಕರಕೊಂಡು ಬಂದಿದ್ದರೆ ಕಣ್ಣಿಗೆ ಕಟ್ಟು ಕಟ್ಟಿ ಉಳಿಸಬಹುದಿತ್ತು. ಈಗ ಆ ಕಣ್ಣು ಕಾಣಲ್ಲ.”

ಗಂಗರತ್ನ ಸೆರಗು ಜಗ್ಗಿದಳು.

“ಅಮ್ಮಾ, ಈ ಕಡೆ ಆರಕ್ಕೆ ಆರೂ ತಡ್ಕೊಂಡೆ. ಪಾಸಾದ್ನಾ?”

“ಪಾಸಾದೆ ಕಣೇ,” ಎಂದು ಅವಳನ್ನು ಎತ್ತಿಕೊಂಡೆ.