ನೀವಿರುವಾಗಲೇ ನನ್ನ ಪೆನ್ಷನ್

ನವೆಂಬರ್ ಬಂತೆಂದರೆ ನಮ್ಮ ಯಜಮಾನರಿಗೆ ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ತೋರಿಸುವ ಸಂಭ್ರಮ. ಇಸ್ತ್ರಿ ಮಾಡಿದ ಷರಟು ತೊಟ್ಟು, ಹಣೆಗೆ ಗಂಧ ಇಟ್ಟು, ಜಯನಗರ ನಾಲ್ಕನೇ ಬ್ಲಾಕಿನ ಬ್ಯಾಂಕಿಗೆ ಮದುವೆ ಗಂಡಿನ ಹಾಗೆ ಹೊರಡುತ್ತಾರೆ. ಬೆಳಗ್ಗೆ ನಾನು ಕೊಟ್ಟ ಬಿಪಿ ಮಾತ್ರೆ ನುಂಗಿದ್ದು, ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂದಿದ್ದು ಯಾವುದೂ ಸಾಕ್ಷಿಯಲ್ಲವಂತೆ. ಪೆನ್ಷನ್ ನಿಲ್ಲಬಾರದೆಂದರೆ ಮೆಷಿನ್ನಿನ ಮೇಲೆ ಹೆಬ್ಬೆಟ್ಟನ್ನೇ ಒತ್ತಬೇಕಂತೆ. ಈ ಸಲ ನನ್ನ ಆಧಾರ್ ಕಾರ್ಡೂ ಬೇಕೆಂದಿದ್ದರಿಂದ ನನ್ನನ್ನೂ ಆಟೋದಲ್ಲಿ ಕೂರಿಸಿಕೊಂಡು ಹೋದರು.

ಬ್ಯಾಂಕಿನ ತುಂಬ ನರೆತ ತಲೆಗಳೇ. ಕುರ್ಚಿ ಸಿಕ್ಕಿದ್ದೇ ತಡ, ಇವರು ಪಕ್ಕದಲ್ಲಿದ್ದ ಹಳೆಯ ಸಹೋದ್ಯೋಗಿ ಸಂಜೀವಯ್ಯನವರ ಹತ್ತಿರ ಶುರುಹಚ್ಚಿಕೊಂಡರು.

"ಇಡೀ ಸರ್ವೀಸಲ್ಲಿ ನಾನು ರಜೆ ಹಾಕಿದ್ದು ಯಾರಾದ್ರೂ ನೋಡಿದೀರಾ? ಎಲ್ಲಾ ಹಾಗೇ ಉಳಿಸ್ದೆ. ರಿಟೈರ್ ಆದಾಗ ಅಷ್ಟಕ್ಕೂ ದುಡ್ಡು ಬಂತು. ಆ ದುಡ್ಡಲ್ಲೇ ಕಣ್ರೀ ನಮ್ಮನೆ ಮೇಲೆ ಮಹಡಿ ಎದ್ದಿದ್ದು!"

ಈ ಕಥೆ ನನಗೆ ಬಾಯಿಪಾಠ. ಟೋಕನ್ ನಂಬರ್ ನೋಡುತ್ತ ಕೂತಿದ್ದೆ.

ನಮ್ಮ ಸರದಿ ಬಂತು. ಕೌಂಟರಿನಲ್ಲಿದ್ದ ಹುಡುಗಿ ಶಾಂತಲಾ, ಒಳ್ಳೆ ನಗುಮುಖದವಳು. ಇವರ ಹೆಬ್ಬೆಟ್ಟು ಒತ್ತಿಸಿಕೊಂಡು, ನನ್ನ ಕಾರ್ಡ್ ನೋಡಿ, "ಆಂಟಿ, ನಿಮ್ಮ ಹೆಸರು ಸರಿಯಾಗಿರ್ಬೇಕು. ಮುಂದೆ ಫ್ಯಾಮಿಲಿ ಪೆನ್ಷನ್ ಬರೋದು ನಿಮಗೇ" ಎಂದಳು.

ನನ್ನ ಕಿವಿ ನೆಟ್ಟಗಾಯಿತು. "ನನಗಾ? ನಾನು ಯಾವ ಆಫೀಸಿಗೂ ಹೋದೋಳಲ್ಲಮ್ಮ."

"ಅಂಕಲ್ ಆಫೀಸಿಗೆ ಹೋದಾಗ ಮನೆ ನಡೆಸಿದ್ದು ನೀವೇ ಅಲ್ವಾ? ಅದಕ್ಕೇ ಅಂದ್ಕೊಳ್ಳಿ."

ಹಾಲು ಕುಡಿದಷ್ಟು ಸಂತೋಷವಾಯಿತು. ಇಷ್ಟು ವರ್ಷ ಬೇಯಿಸಿ, ಒಗೆದು, ಬಳಿದು ಹಾಕಿದ್ದಕ್ಕೆ ಎಲ್ಲೋ ಒಂದು ಕಡೆ ಬೆಲೆ ಕಟ್ಟಿಟ್ಟಿದ್ದಾರೆ! "ಯಾವಾಗಿಂದ ಬರುತ್ತಮ್ಮ?" ಎಂದು ಕೇಳಿಯೇಬಿಟ್ಟೆ.

ಶಾಂತಲಾ ನಾಲಿಗೆ ಕಚ್ಚಿಕೊಂಡು ಇವರ ಮುಖ ನೋಡಿದಳು. ಇವರು ಕೆಮ್ಮಿದರು. ಆಗ ಹೊಳೆಯಿತು, ಅದು ಇವರು ಹೋದ ಮೇಲೆ ಬರುವ ದುಡ್ಡು.

ಇದ್ಯಾವ ನ್ಯಾಯ! ಇವರಿಗೆ ಆಯಸ್ಸು ಕೊಡು ಎಂದು ದಿನಾ ದೇವರನ್ನು ಬೇಡುವವಳು ನಾನು. ನನ್ನ ದುಡಿಮೆಯ ಫಲ ಕೈಗೆ ಬರಬೇಕಾದರೆ ಆ ಬೇಡಿಕೆಯೇ ಸುಳ್ಳಾಗಬೇಕೇ? ಸಂತೋಷವೆಲ್ಲ ಸಿಟ್ಟಾಗಿ ನೆತ್ತಿಗೇರಿತು.

"ರೀ, ನನಗೆ ಆ ಪೆನ್ಷನ್ ಈಗಲೇ ಬೇಕು. ನೀವಿರುವಾಗಲೇ."

"ಬಿಡ್ತು ಅನ್ನೇ! ಏನು ಮಾತು ಅಂತ ಆಡ್ತೀಯ? ಅದಕ್ಕೆಲ್ಲ ರೂಲ್ಸ್ ಇಲ್ಲ."

"ಸರ್ಕಾರ ಕೊಡೋದು ಬೇಡ, ನೀವು ಕೊಡಿ. ನಿಮಗೆ ಬರೋದ್ರಲ್ಲಿ ಅರ್ಧ, ಪ್ರತಿ ತಿಂಗಳು ನನ್ನ ಖಾತೆಗೆ." ಗ್ಯಾಸ್ ಸಬ್ಸಿಡಿಗೆಂದು ಮಾಡಿಸಿದ್ದ ಖಾತೆ ಅದೇ ಬ್ಯಾಂಕಿನಲ್ಲಿತ್ತು.

"ಅಲ್ವೇ, ಕೇಳಿದಾಗೆಲ್ಲ ಕೊಟ್ಟಿಲ್ವಾ ನಾನು? ಯಾವತ್ತಾದ್ರೂ ಇಲ್ಲ ಅಂದಿದೀನಾ?"

"ಇಲ್ಲ ಅಂದಿಲ್ಲ. ಯಾತಕ್ಕೆ ಅಂದಿದೀರಿ. ನಿಮಗೆ ಸಂಬಳ ಕೊಡೋವಾಗ ಯಾವ ಆಫೀಸರ್ರಾದ್ರೂ ಯಾತಕ್ಕೆ ಅಂತ ಕೇಳಿದ್ರಾ?"

ಹಿಂದೆ ಕುರ್ಚಿಯಲ್ಲಿದ್ದ ಸಂಜೀವಯ್ಯನವರು ಕಿಸಕ್ಕನೆ ನಕ್ಕರು. ಇವರಿಗೆ ಅವಮಾನವಾಯಿತು. "ನಡಿ, ಮನೇಲಿ ಮಾತಾಡೋಣ" ಎಂದು ಹೊರಟೇಬಿಟ್ಟರು. ಮನೆಗೆ ಹೋದರೆ ಈ ಮಾತು ಅಡುಗೆಮನೆ ದಾಟುವುದಿಲ್ಲವೆಂದು ನನಗೆ ಗೊತ್ತಿಲ್ಲವೇ? ಕೌಂಟರಿನ ಅಂಚು ಹಿಡಿದುಕೊಂಡು ನಿಂತೆ.

"ರಜೆ ಹಾಕ್ಲೇ ಇಲ್ಲ ಅಂದ್ರಲ್ಲ ಈಗ. ನಿಮ್ಮಮ್ಮಂಗೆ ಲಕ್ವ ಹೊಡೆದಾಗ ಮಗ್ಗುಲು ಬದಲಾಯಿಸ್ದೋರು ಯಾರು? ಬೆಡ್‌ಪ್ಯಾನ್ ಇಟ್ಟೋರು ಯಾರು? ಮಗನಿಗೆ ಡೆಂಗ್ಯೂ ಬಂದಾಗ ಆಸ್ಪತ್ರೇಲಿ ಕೂತಿದ್ದು ಯಾರು? ನಾನು ಇಲ್ದೇ ಇದ್ದಿದ್ರೆ ನೀವು ರಜೆ ಹಾಕ್ಬೇಕಿತ್ತು. ಉಳಿಸಿದ್ದು ನಾನು. ಮಾರ್ಕೊಂಡಿದ್ದು ನೀವು!"

ಬ್ಯಾಂಕಿಗೆ ಬ್ಯಾಂಕೇ ನಮ್ಮ ಕಡೆ ತಿರುಗಿತು. ಸತ್ಯ ಹೇಳುತ್ತೇನೆ, ಬಾಯಿಂದ ಹೊರಬೀಳುವವರೆಗೆ ಈ ಲೆಕ್ಕ ನನಗೂ ಹೊಳೆದಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ತನ್ನ ಗಂಡನಿಗೆ, "ಕೇಳಿಸ್ತೇನ್ರೀ?" ಎಂದಿದ್ದು ಕೇಳಿಸಿತು.

ಸಂಜೀವಯ್ಯನವರು ಗಂಟಲು ಸರಿಮಾಡಿಕೊಂಡರು. "ಬದರಿನಾಥ್, ಆಡಿಟ್ ಆಬ್ಜೆಕ್ಷನ್ ಸರಿಯಾಗೇ ಇದೆ. ಉತ್ತರ ಕೊಡಿ."

ಇವರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ ಮೆಲ್ಲಗೆ, "ಕೊನೇ ದಿನಗಳಲ್ಲಿ ಅಮ್ಮ ನನ್ನ ಹೆಸರು ಮರೆತುಬಿಟ್ಟಿದ್ಲು. ಅಮ್ಮಣ್ಣಿ, ಅಮ್ಮಣ್ಣಿ ಅಂತ ನಿನ್ನನ್ನೇ ಕರೀತಿದ್ಲು" ಎಂದರು.

ಇವರು ಕೌಂಟರಿನ ಕಡೆ ತಿರುಗಿದರು. "ಅರ್ಧ ಇವಳ ಖಾತೆಗೆ ಹೋಗೋ ಹಾಗೆ ಮಾಡಮ್ಮ, ಪ್ರತಿ ತಿಂಗಳು."

ಶಾಂತಲಾ ಕೀಬೋರ್ಡ್ ಹತ್ತಿರ ಎಳೆದುಕೊಂಡಳು. "ಎಲ್ಲೀವರೆಗೆ ಅಂತ ಹಾಕ್ಲಿ ಅಂಕಲ್?"

"ನಾನು ಇರೋವರೆಗೆ."

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಇವರ ಷರಟಿನ ತೋಳು ಹಿಡಿದು ಜಗ್ಗಿದೆ.

"ಕೇಳಿಸ್ಕೊಂಡ್ರಾ? ಇನ್ಮೇಲೆ ನೀವು ಬದುಕಿದ್ರೇ ನನಗೆ ಲಾಭ."