ಒಂದಕ್ಷರ, ಒಂದು ಚುಕ್ಕೆ

ನನ್ನ ಕೆಲಸ ಬೇರೆಯವರ ಲೇಖನಗಳ ಬಾಲ ನೆಟ್ಟಗೆ ಮಾಡುವುದು. ನಾಯಿ ಬಾಲದ ಗಾದೆ ನೆನಪಾಗಿ ನಗು ಬಂದರೆ ನಗಿ, ಇಪ್ಪತ್ತೆರಡು ವರ್ಷದಿಂದ ನನಗೂ ಅದೇ ನೆನಪಾಗುತ್ತಿದೆ. ದೊಡ್ಡ ದೊಡ್ಡ ಪಂಡಿತರು ಮೂವತ್ತು ಪುಟ ವಾದ ಮಾಡಿ, ಕೊನೆಗೆ ತಾವು ಯಾರ್ಯಾರ ಬರಹ ನೋಡಿದೆವು ಎಂಬ ಪಟ್ಟಿಯನ್ನು ಮಾತ್ರ ಹೇಗೆ ಬೇಕೋ ಹಾಗೆ ಎಸೆದಿರುತ್ತಾರೆ. ಅಲ್ಪವಿರಾಮ ಇರಬೇಕಾದಲ್ಲಿ ಚುಕ್ಕೆ, ವರ್ಷ ಇರಬೇಕಾದಲ್ಲಿ ಪುಟಸಂಖ್ಯೆ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳ ನಮ್ಮ ಪತ್ರಿಕೆಯ ಕಚೇರಿಯಲ್ಲಿ ಕೂತು, ರಬ್ಬರಿನ ವಾಸನೆ ಕುಡಿಯುತ್ತ ನಾನು ಅದನ್ನೆಲ್ಲ ಸಾಲಾಗಿ ನಿಲ್ಲಿಸುತ್ತೇನೆ. ಮೊದಲು ಮನೆತನದ ಹೆಸರು, ಅಲ್ಪವಿರಾಮ, ಆಮೇಲೆ ಸ್ವಂತ ಹೆಸರಿನ ಮೊದಲ ಅಕ್ಷರ, ಚುಕ್ಕೆ, ಆವರಣದಲ್ಲಿ ವರ್ಷ.

ಈ ಸೋಮವಾರ ಬಂದ ಲೇಖನದಲ್ಲಿ ನಲವತ್ತೇಳು ಉಲ್ಲೇಖಗಳಿದ್ದವು. ಹಳೆಯ ಕಟ್ಟಡಗಳ ಗೋಡೆಗೆ ಉಪ್ಪು ಹೇಗೆ ಹಿಡಿಯುತ್ತದೆ ಎಂಬ ವಿಷಯ. ಬರೆದವಳು ಅಕ್ಕನ ಶಿಷ್ಯೆ. ಆ ನಲವತ್ತೇಳರಲ್ಲಿ ಆರು ಅಕ್ಕನ ಲೇಖನಗಳು, ಆರೂ ನಮ್ಮ ಪತ್ರಿಕೆಯಲ್ಲೇ ಬಂದವು. ಅಕ್ಕ ತೀರಿಕೊಂಡು ಮೂರು ತಿಂಗಳಾಗಿದೆ. ಶಿಷ್ಯೆ ಆರು ಕಡೆಯೂ ಅಕ್ಕನ ಹೆಸರನ್ನು ಪೂರ್ತಿಯಾಗಿ, ನಾವೆಲ್ಲ ಕರೆಯುತ್ತಿದ್ದ ಹಾಗೇ ಬರೆದಿದ್ದಳು. ಅಚ್ಚಾದ ಹಳೆಯ ಸಂಚಿಕೆಗಳಲ್ಲಿ ಹಾಗಿಲ್ಲ. ಇಲ್ಲದಿರುವುದಕ್ಕೆ ಕಾರಣ ನಾನು.

ನಮ್ಮವರಲ್ಲಿ ಮನೆತನದ ಹೆಸರು ಎಂಬುದಿಲ್ಲ. ತನ್ನ ಹೆಸರು, ಅದರ ಹಿಂದೆ ಅಪ್ಪನ ಹೆಸರು, ಅಷ್ಟೇ. ಅಕ್ಕನ ಮೊದಲ ಲೇಖನ ಬಂದಾಗ ನಾನು ಕೆಲಸಕ್ಕೆ ಸೇರಿ ಎರಡು ತಿಂಗಳು. ಅಕ್ಕ ಅಚ್ಚಾಗುತ್ತಾಳೆ ಎಂಬ ಹಿಗ್ಗಿನಲ್ಲಿ, ಹೊಸದಾಗಿ ಕಲಿತ ನಿಯಮವನ್ನು ಲೇಖನದ ತಲೆಯಲ್ಲಿದ್ದ ಅವಳ ಹೆಸರಿಗೂ ಕಣ್ಣುಮುಚ್ಚಿ ಹೇರಿದೆ. ಹಿಂದಿದ್ದ ಅಪ್ಪನ ಹೆಸರು ಮುಂದೆ ಬಂದು ಪೂರ್ತಿಯಾಗಿ ಕೂತಿತು. ಅಕ್ಕ ಒಂದಕ್ಷರ, ಒಂದು ಚುಕ್ಕೆಯಾದಳು. ಮನೆತನದ ಹೆಸರಿಲ್ಲದವರನ್ನು ಸ್ವಂತ ಹೆಸರಿನಲ್ಲೇ ನಮೂದಿಸಬೇಕು ಎಂಬ ನಿಯಮವೂ ಕೈಪಿಡಿಯ ಕೊನೆಯಲ್ಲಿ, ಸಣ್ಣಕ್ಷರದಲ್ಲಿ ಇತ್ತು. ಅದನ್ನು ನಾನು ಓದಿದ್ದು ಅಚ್ಚಾದ ಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬೇರೆ ಅಪ್ಪನಾಗಿದ್ದರೆ ಹೋಗಲಿ ಅನ್ನಬಹುದಿತ್ತು. ನಮ್ಮಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು. ಹೆಣ್ಣುಮಗಳು ಹಳೇ ಕಟ್ಟಡ, ಸುಣ್ಣ, ಗಾರೆ ಅಂತ ಗಂಡಸರ ಜೊತೆ ಏಣಿ ಹತ್ತುವುದು ಬೇಡ ಅಂದ. ಅಕ್ಕ ಹತ್ತಿದಳು. ನನ್ನ ಪಾಲಿಗೆ ನೀನು ಸತ್ತೆ ಅಂದವನು ಇಪ್ಪತ್ತಾರು ವರ್ಷ ಆ ಮಾತು ಉಳಿಸಿಕೊಂಡ. ಅಕ್ಕನ ಮಣ್ಣಿಗೆ ನಾನು ಕರೆದುಕೊಂಡು ಹೋದರೆ ಕಾರಿನಿಂದ ಇಳಿಯಲಿಲ್ಲ.

ಮೊದಲ ಸಂಚಿಕೆ ಕೈಗಿಟ್ಟಾಗ ಅಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದಳು.

"ಇದನ್ನ ಯಾರೇ ಬರೆದಿದ್ದು?"

ತಮಾಷೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ.

"ಸರಿ ಮಾಡಕ್ಕಾಗುತ್ತಾ?"

"ಕೇಳಿ ನೋಡ್ತೀನಕ್ಕ."

ಕೇಳಲಿಲ್ಲ. ಹೊಸ ಕೆಲಸ, ತಪ್ಪೊಪ್ಪಿಕೊಂಡರೆ ಮನೆಗೆ ಕಳಿಸಿಬಿಟ್ಟಾರು ಎಂಬ ಹೆದರಿಕೆ. ಎರಡನೇ ಲೇಖನ ಬಂದಾಗ ಹೆಸರು ಬೇರೆ ಥರ ಹಾಕಿದರೆ ಬರೆದವರು ಇಬ್ಬರು ಅಂತ ಆಗಿಬಿಡುತ್ತದೆ, ಇರಲಿ ಅಂದೆ. ಮೂರನೆಯದರ ಹೊತ್ತಿಗೆ ಅಕ್ಕ ಕೇಳುವುದನ್ನೇ ಬಿಟ್ಟಳು. ಮತ್ತೆ ಕೇಳಿದ್ದು ಆಸ್ಪತ್ರೆಯಲ್ಲಿ, ಮೂಗಿಗೆ ಹಾಕಿದ್ದ ನಳಿಕೆ ಸರಿಸಿಕೊಂಡು.

"ಅದೊಂದು ಮಾಡ್ಕೊಡೇ. ಮದುವೆ ಆಗ್ಲಿಲ್ಲ, ಮಕ್ಕಳಿಲ್ಲ ಮರಿಯಿಲ್ಲ. ಎಲ್ಲಾದ್ರೂ ಒಂದ್ಕಡೆ ನನ್ನ ಹೆಸರು ನನ್ನದಾಗಿ ಇರ್ಲಿ."

ಖಂಡಿತ ಅಂದೆ.

ಹಾಗಾಗಿ ಸೋಮವಾರವೇ ಸಂಪಾದಕರ ಕೋಣೆಗೆ ಹೋದೆ. ಅವರನ್ನು ನಾವು ಬೆನ್ನ ಹಿಂದೆ ಪೂರ್ಣವಿರಾಮ ಅನ್ನುತ್ತೇವೆ, ಅವರು ಬಾಯಿ ಬಿಟ್ಟರೆ ಮಾತು ಅಲ್ಲಿಗೆ ಮುಗಿಯಿತು. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಪ್ಪತ್ತೆರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

ಅವರೇ ಕಪಾಟಿನಿಂದ ತಿದ್ದುಪಡಿ ಅರ್ಜಿ ತೆಗೆದುಕೊಟ್ಟರು.

"ಲೇಖಕರು ಸಹಿ ಹಾಕ್ಬೇಕು. ಅವರಿಲ್ಲ ಅಂದ್ರೆ ಗಂಡ, ಮಕ್ಕಳು. ಅವರೂ ಇಲ್ಲ ಅಂದ್ರೆ ತಂದೆ ತಾಯಿ."

"ತಂಗಿ ಹಾಕಿದ್ರೆ ಆಗಲ್ವಾ ಸರ್?"

"ತಂದೆ ಇದ್ದಾರಲ್ಲಮ್ಮ. ಅದೂ ಅಲ್ದೆ, ತಪ್ಪು ಮಾಡಿದವರದೇ ಸಹಿ ಅಂದ್ರೆ ಏನು ಚೆನ್ನಾಗಿರತ್ತೆ? ಶುಕ್ರವಾರ ಅಚ್ಚಿಗೆ ಹೋಗತ್ತೆ. ಹಳೇ ಸಂಪುಟಗಳ ತಿದ್ದುಪಡಿ ಈ ಸಂಚಿಕೆಗೆ ಕೊನೆ, ಆಮೇಲೆ ನನ್ನ ಕೇಳ್ಬೇಡಿ."

ಮೂರು ದಿನ ಅರ್ಜಿ ಚೀಲದಲ್ಲೇ ಓಡಾಡಿತು. ಎಂಬತ್ತನಾಲ್ಕರ ಅಪ್ಪ ನನ್ನ ಮನೆಯಲ್ಲೇ ಇದ್ದಾನೆ, ಬೆಳಗ್ಗೆಯೆಲ್ಲ ಬಾಲ್ಕನಿಯಲ್ಲಿ ಕೂತು ರಸ್ತೆಯನ್ನು ಬೈಯುತ್ತಿರುತ್ತಾನೆ. ಶುಕ್ರವಾರ ಬೆಳಗ್ಗೆ, ಇನ್ನು ತಡ ಮಾಡಿದರೆ ಆಗದು ಅಂತ, ಅರ್ಜಿಯ ಜೊತೆಗೆ ಆರು ಲೇಖನಗಳ ಮೊದಲ ಪುಟಗಳನ್ನೂ ಅವನ ಮುಂದಿಟ್ಟು ಪೆನ್ನು ಹಿಡಿದು ನಿಂತೆ. ಜಗಳಕ್ಕೆ ಸಿದ್ಧವಾಗಿಯೇ ಬಂದಿದ್ದೆ. ಅವನು ಒಲ್ಲೆ ಅಂದರೆ ಇಪ್ಪತ್ತಾರು ವರ್ಷದ್ದೆಲ್ಲ ಒಂದೇ ಸಲ ತೀರಿಸಿಬಿಡೋಣ ಅಂತ.

ಅಪ್ಪ ಅರ್ಜಿಯನ್ನು ಬದಿಗೆ ಸರಿಸಿ ಪುಟಗಳನ್ನು ಎತ್ತಿಕೊಂಡ. ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಓದಿದ. ಬೆರಳು ಒಂದು ಕಡೆ ನಿಂತಿತು. ಎರಡನೇ ಪುಟ ನೋಡಿದ, ಮೂರನೆಯದು ನೋಡಿದ.

"ಇದು ನನ್ನ ಹೆಸರು."

"ಹೌದು."

"ಇದೆಲ್ಲಾ ಅವಳು ಬರೆದಿದ್ದಾ?"

"ಹೂಂ, ಆರೂ ಅವಳದ್ದೇ."

ಆರನ್ನೂ ಮತ್ತೊಮ್ಮೆ ನೋಡಿದ. ಆಮೇಲೆ ಅಕ್ಕನ ಹೆಸರು ಹೇಳಿದ. ನಾಲಿಗೆಗೆ ರೂಢಿ ತಪ್ಪಿತ್ತು, ಮೊದಲ ಅಕ್ಷರದಲ್ಲೇ ತಡವರಿಸಿ, ಪೂರ್ತಿ ಹೇಳಿದ. ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ.

"ಏನೇನೋ ಅಂದಿದ್ದೆ ಅವಳಿಗೆ. ಆದ್ರೂ ನನ್ನ ಹೆಸರನ್ನ ಮುಂದಿಟ್ಕೊಂಡಿದಾಳೆ. ತನ್ನದನ್ನ ಇಷ್ಟೇ ಇಷ್ಟು ಹಾಕ್ಕೊಂಡು."

ಅಲ್ಲ ಅನ್ನಲು ಬಾಯಿ ತೆರೆದೆ. ಅವಳಿಗೆ ಆ ಹೆಸರು ಬೇಡವಾಗಿತ್ತು, ಅದು ನಾನು ಮಾಡಿದ ಎಡವಟ್ಟು, ಅವಳು ನಿನ್ನನ್ನು ಕ್ಷಮಿಸಿರಲಿಲ್ಲ ಅನ್ನಬೇಕಿತ್ತು.

"ಅವಳೇ ಹೀಗೆ ಹಾಕು ಅಂದಿದ್ಲಾ ನಿಂಗೆ?"

ಅಪ್ಪ ಅಳುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನೋಡಬೇಕು ಅಂತ ಎಷ್ಟೋ ಸಲ ಬಯಸಿದ್ದೆ. ನೋಡಲಾಗಲಿಲ್ಲ.

"ಹೂಂ ಅಪ್ಪ. ಅವಳೇ ಅಂದಿದ್ಲು."

ಅವನು ಪುಟಗಳನ್ನು ಮಡಿಲಲ್ಲಿಟ್ಟುಕೊಂಡು ಅಂಗೈಯಿಂದ ಸವರಿ ಸುಕ್ಕು ಬಿಡಿಸಿದ. ಸ್ವಲ್ಪ ಹೊತ್ತಾದ ಮೇಲೆ, ಸಹಿ ಎಲ್ಲಿ ಹಾಕಬೇಕು ಅಂತ ಕೇಳಿದ. ಏನಿಲ್ಲ, ಆಫೀಸಿನ ಕಾಗದ, ಬೇಕಿಲ್ಲ ಅಂದು ಅರ್ಜಿಯನ್ನು ಮಡಚಿ ಒಳಗಿಟ್ಟುಕೊಂಡೆ. ಪುಟಗಳನ್ನು ಅವನು ವಾಪಸು ಕೊಡಲಿಲ್ಲ.

ಕಚೇರಿಗೆ ಹೋಗಿ ಶಿಷ್ಯೆಯ ಪಟ್ಟಿ ತೆರೆದೆ. ಹಳೆಯ ಸಂಚಿಕೆಗಳಲ್ಲಿದ್ದ ಹಾಗೇ ಇರಲೆಂದು ಆರು ಕಡೆ ಅಕ್ಕನ ಹೆಸರು ಅಳಿಸಿದೆ, ಆರು ಕಡೆ ಅಪ್ಪನ ಹೆಸರು ಹಾಕಿದೆ. ಕಾಲು ಗಂಟೆಯ ಕೆಲಸ. ಮಧ್ಯಾಹ್ನ ಅಚ್ಚಿಗೆ ಹೋಗುವ ಮುಂಚೆ ಪೂರ್ಣವಿರಾಮ ಅವರು ನಲವತ್ತೇಳನ್ನೂ ಕಣ್ಣಾಡಿಸಿ, ಒಂದೂ ತಪ್ಪಿಲ್ಲ ಅಂದರು. ಅರ್ಜಿ ಏನಾಯಿತು ಅಂತ ಕೇಳಲಿಲ್ಲ.

ಅಕ್ಕನನ್ನು ನಾನು ಅಳಿಸಿದ್ದು ಇದು ಎರಡನೇ ಸಲ. ಮೊದಲ ಸಲ ಗೊತ್ತಿಲ್ಲದೆ ಅಳಿಸಿದ್ದೆ.