ಹತ್ತಕ್ಕೆ ಮುರಿದ ಸಾಲು

ಹೇಮಶ್ರೀಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ? ಕೆ. ಹೊಸಕೋಟೆ ಹತ್ತಿರದ ಈ ಎಸ್ಟೇಟಿನಲ್ಲಿ ಹನ್ನೆರಡು ವರ್ಷದಿಂದ ಲೆಕ್ಕ ಬರೆಯುವ ರೈಟರ್ ನಾನು, ಕಂಪ್ಯೂಟರ್ ನೋಡಿಕೊಂಡವನೂ ನಾನೇ. ಮೊನ್ನೆ ಮೊನ್ನೆ ಬಂದ ಈ ಹುಡುಗಿ ಕಾಫಿಯ ತೇವ ಅಳೆಯುವ ಮೀಟರಿಗೆ ಒಂದು ಪ್ರೋಗ್ರಾಂ ಬರೆದದ್ದೇ ತಡ, ಧಣಿ ವಸಂತಣ್ಣ ಬಂದವರಿಗೆಲ್ಲ ಅವಳನ್ನೇ ತೋರಿಸತೊಡಗಿದರು. ನನ್ನನ್ನು ಅವರಿಗೆ ಕಾಫಿ ತರಲು ಕಳಿಸಿದರು!

ಆಮೇಲಿಂದ ಕಣದ ದೇವೀರಮ್ಮ ಒಣಗಿಸಿದ ಕಾಫಿ ರಾಶಿಗಳೆಲ್ಲ ಆ ಪ್ರೋಗ್ರಾಂನ 'ಮತ್ತೆ ಒಣಗಿಸಿ' ಪಟ್ಟಿಗೆ ಬೀಳತೊಡಗಿದವು. ತೇವ ಹತ್ತು ಪರ್ಸೆಂಟಿಗೆ ಇಳಿದರೆ ಕಾಫಿ ಚೀಲಕ್ಕೆ ಸಿದ್ಧ. ಕಣದಲ್ಲಿ ಮೂವತ್ತು ವರ್ಷ ಕಾಫಿ ಒಣಗಿಸಿದ ಆಕೆ ಬೀಜ ಕಚ್ಚಿ ಹತ್ತು ಎಂದರೆ ಹತ್ತೇ.

"ಒಣಗೈತೆ ಕಣಪ್ಪ ದೇವೇಂದ್ರ, ನನ್ ಹಲ್ಲು ಹೇಳ್ತೈತೆ," ಎಂದು ನನ್ನ ಬಳಿ ಬಂದಳು.

ಮೀಟರ್ ಕಳಿಸಿದ ಫೈಲ್ ತೆಗೆದು ನೋಡಿದೆ. ಹೆಸರು, ರಾಶಿ ನಂಬರು ಅಕ್ಷರಗಳಲ್ಲಿದ್ದವು. ಕೊನೆಯಲ್ಲಿ ತೇವ ಮಾತ್ರ ಅಕ್ಷರವಲ್ಲ, ಸಂಖ್ಯೆಯನ್ನೇ ನೇರವಾಗಿ ಹೊತ್ತ ಒಂದೇ ಒಂದು ಬೈಟ್. ಹೇಮಶ್ರೀ ಎಲ್ಲವನ್ನೂ ಬರಹವೆಂದೇ ತಿಳಿದು ಸಾಲುಸಾಲಾಗಿ ಓದಿಸಿದ್ದಳು. ಬರಹದಲ್ಲಿ ಹತ್ತು ಎಂಬ ಬೈಟ್ ಸಾಲು ಮುಗಿಯಿತೆಂಬ ಗುರುತು. ಹಾಗಾಗಿ ಸರಿಯಾಗಿ ಹತ್ತು ಬಂದಾಗ ಮಾತ್ರ ಪ್ರೋಗ್ರಾಂ ಸಾಲು ಮುರಿದು, ತೇವದ ಅಂಕಿಯೇ ಇಲ್ಲವೆಂದು ರಾಶಿಯನ್ನು ತಳ್ಳಿಹಾಕುತ್ತಿತ್ತು. ಉಳಿದವರ ರಾಶಿಗಳು ಒಂಬತ್ತಕ್ಕೋ ಎಂಟಕ್ಕೋ ಇಳಿದು ಪಾಸಾಗುತ್ತಿದ್ದವು.

ಅಯ್ಯೋ, ಎಷ್ಟು ಖುಷಿಯಾಯಿತು ಅಂತೀರಿ! ಸಿಕ್ಕಿಬಿದ್ದೆಯಲ್ಲ ಜಾಣೆ, ಅಂದುಕೊಂಡೆ. ಆದರೆ ಬಾಯಿ ಬಿಡಲಿಲ್ಲ. ತಪ್ಪು ಇನ್ನೂ ದೊಡ್ಡದಾಗಲಿ, ನಾಲ್ಕು ಜನರ ಮುಂದೆ ಅವಳ ಮಾನ ಹೋಗಲಿ ಎಂದು ಮೂರು ವಾರ ಕಾದೆ.

ಒಂದು ದಿನ ಧಣಿ ಕಣಕ್ಕೇ ಬಂದರು. "ವಯಸ್ಸಾಯ್ತು ಕಣಮ್ಮ, ನಿನ್ ಕೈ ಕೆಟ್ಟೋಗ್ಬುಟ್ಟೈತೆ. ನಾಳೆಯಿಂದ ಕಳೆ ಕೀಳಾಕೆ ಹೋಗು," ಎಂದರು. ದೇವೀರಮ್ಮ ಒಣಗಿದ ಕಾಫಿಯನ್ನೇ ಮತ್ತೆ ಬಿಸಿಲಿಗೆ ಹರವಿದಳು.

ನನಗೆ ಅದನ್ನು ನೋಡಲಾಗಲಿಲ್ಲ. ಹೋಗಿ ಹೇಮಶ್ರೀಗೆ ಪ್ರೋಗ್ರಾಂನ ತಪ್ಪು ಹೇಳಿದೆ; ಮೂರು ವಾರದ ಮಾತು ಎತ್ತಲಿಲ್ಲ. ಅವಳು ಐದು ನಿಮಿಷದಲ್ಲಿ ಸರಿಪಡಿಸಿ, ನೇರ ಧಣಿಯ ಮುಂದೆ ನಿಂತಳು.

"ತಪ್ಪು ನಂದು ಸಾರ್, ದೇವೀರಮ್ಮಂದಲ್ಲ. ದೇವೇಂದ್ರಣ್ಣ ಇವತ್ತು ಕಂಡ ತಕ್ಷಣ ಬಂದು ಹೇಳಿದ್ರು."

ಧಣಿ ನನ್ನ ಬೆನ್ನು ತಟ್ಟಿದರು. ಅವಳ ಮುಖ ನೋಡಲಾಗದೆ ಕಣಕ್ಕೆ ಓಡಿದೆ.

"ನಿನ್ ಹಲ್ಲೇ ಸರಿಯಿತ್ತು ಕಣಮ್ಮ, ಪ್ರೋಗ್ರಾಂ ತಪ್ಪು. ಕಳೆಗೆ ಹೋಗ್ಬೇಡ, ಇಲ್ಲೇ ಇರು," ಎಂದೆ.

ದೇವೀರಮ್ಮ ಒಂದು ಬೀಜ ತೆಗೆದು ಕಚ್ಚಿದಳು. ಇನ್ನೊಂದನ್ನು ಕಚ್ಚಿದಳು. ಆಮೇಲೆ ಒಂದು ಹಿಡಿ ಬೀಜವನ್ನು ನನ್ನ ಕಡೆ ಚಾಚಿದಳು.

"ನಂಗ್ ಗೊತ್ತಾಗ್ತಿಲ್ಲ ಕಣಪ್ಪ. ಮಿಷನ್‌ಗೇ ಇಟ್ಟು ನೋಡಿ ಹೇಳ್ಬುಡು."